ಮರಿ ಉಣ್ಣೆಯ ರವಿಕೆ

ನನ್ನ ಮಗಳು ಹುಟ್ಟಿ ಎರಡು ತಿಂಗಳಾದರೂ ನಮ್ಮಜ್ಜಿ ಯಲ್ಲಕ್ಕ ಅವಳನ್ನು ಎತ್ತಿಕೊಂಡಿರಲಿಲ್ಲ. ತೊಟ್ಟಿಲ ಹತ್ತಿರ ಬರುವಳು, ದೂರದಿಂದಲೇ ನೆಟಿಕೆ ಮುರಿಯುವಳು, ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಬಿಡುವಳು. ಶ್ರೀರಾಂಪುರದ ಹತ್ತಿರದ ನಮ್ಮ ಹಟ್ಟಿಯಲ್ಲಿ ಹುಟ್ಟಿದ ಕುರಿಮರಿಗಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು ಬೆಳೆಸಿದ ಹೆಂಗಸು ಮರಿಮಗಳನ್ನು ಮಾತ್ರ ಮುಟ್ಟಲೊಲ್ಲಳು.

"ಯಾಕಜ್ಜಿ?" ಎಂದರೆ, "ಈ ಕೈ ಬ್ಯಾಡ ಕಣೆ ಮಾನಸ. ನಿನಗಾಗಿದ್ದೇ ಸಾಕು," ಅನ್ನುವಳು.

ನನಗಾಗಿದ್ದು ಹಟ್ಟಿಗೆಲ್ಲ ಗೊತ್ತು. ಹಸುಗೂಸಾಗಿದ್ದಾಗ ಎದೆ ಕಟ್ಟಿ ಉಸಿರಿಗೆ ಒದ್ದಾಡಿದೆನಂತೆ. ಕುರಿಗಾಗಲಿ ಕೂಸಿಗಾಗಲಿ, ಬರೆ ಹಾಕುವುದರಲ್ಲಿ ಅಜ್ಜಿ ಎತ್ತಿದ ಕೈ. ಬಳೆಚೂರು ಕಾಯಿಸಿ ನನ್ನ ಬಲ ಎದೆಗೆ ಇಟ್ಟಳು. ನಾನು ಬದುಕಿದೆ, ದೊಡ್ಡವಳಾದೆ. ಎಡಗಡೆ ಮೊಲೆ ಬಂತು, ಬಲಗಡೆ ಬರಲೇ ಇಲ್ಲ. ಬರೆ ಸುಟ್ಟದ್ದರಿಂದಲೇ ಹೀಗಾಯಿತೆಂದು ಎಲ್ಲರೂ ತೀರ್ಮಾನಿಸಿದರು, ನಾನೂ. ಅಂದಿನಿಂದ ಅಜ್ಜಿ ಯಾರಿಗೂ ಬರೆ ಹಾಕಲಿಲ್ಲ.

ಬದಲಿಗೆ ರವಿಕೆ ಹಿಡಿದಳು. ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ತೊಳೆದು, ಬಿಸಿಲಿಗೆ ಹರವಿ, ಎಳೆಎಳೆಯಾಗಿ ಬಿಡಿಸಿ, ಮೆತ್ತನೆ ಬಟ್ಟೆಯಲ್ಲಿ ತುಂಬಿ ನನ್ನ ರವಿಕೆಯ ಬಲಗಡೆ ಒಳಗಿನಿಂದ ಹೊಲಿಯುವಳು. ಆಮೇಲೆ ನನ್ನನ್ನು ದೂರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡುವಳು. "ಒಂಚೂರು ಜಾಸ್ತಿಯಾತು, ಬಾ ಇಲ್ಲಿ." ಬೇಸಿಗೆಯಲ್ಲಿ ಅದು ಕಡಿತ. ಮಳೆಯಲ್ಲಿ ನೆನೆದು ಹೊಸದುರ್ಗದ ಕಾಲೇಜಿಗೆ ಹೋದರೆ ಗೆಳತಿ ಬಿಂದು ಮೂಗು ಅರಳಿಸಿ, "ಎಲ್ಲೋ ಕುರಿ ನುಗ್ಗೈತೆ ಕಣೆ," ಅನ್ನುವಳು. ನಾನೂ ಹುಡುಕುವವಳಂತೆ ಬೆಂಚಿನ ಕೆಳಗೆ ಬಗ್ಗುತ್ತಿದ್ದೆ. ಈಗ ಬೇಕಾದ ಅಳತೆಯ ಪ್ಯಾಡು ಅಂಗಡಿಯಲ್ಲೇ ಸಿಗುತ್ತದೆ, ನಾನೂ ಅದನ್ನೇ ಹಾಕಿಕೊಳ್ಳುತ್ತೇನೆ. ಆದರೂ ಆ ಉಣ್ಣೆಯ ವಾಸನೆ ನೆನಪಾದರೆ ಕಣ್ಣು ತುಂಬುತ್ತದೆ. ಅಷ್ಟು ಪ್ರೀತಿಯಿಂದ ಯಾರೂ ನನ್ನನ್ನು ಅಳೆದು ನೋಡಿಲ್ಲ.

ಒಂದೇ ಕಡೆಯ ಹಾಲು ಮಗುವಿಗೆ ಸಾಕಾಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಮೊನ್ನೆ ಚಿತ್ರದುರ್ಗಕ್ಕೆ ಹೋಗಿ ಡಾಕ್ಟರ್ ಅನುಸೂಯ ಅವರಿಗೆ ತೋರಿಸಿದೆ. ಮಗುವನ್ನು ತೂಗಿ, "ಚೆನ್ನಾಗಿ ತೂಕ ಬಂದೈತೆ, ಒಂದೇ ಸಾಕು ಬಿಡ್ರಿ," ಎಂದರು. ಬರೆಯ ಕಥೆ ಹೇಳಿದೆ. ಅವರು ಎದೆ ಮುಟ್ಟಿ ನೋಡಿದರು. ಕೈಗಳನ್ನು ಸೊಂಟಕ್ಕೆ ಒತ್ತಿಸಿ ಮತ್ತೆ ನೋಡಿದರು. ಆಮೇಲೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಡಿಸಿದರು. ನನ್ನ ಬಲಗೈ ಬೆರಳುಗಳು ಮೊದಲಿಂದಲೂ ಮೋಟು.

"ಇದು ಹುಟ್ಟಿನಿಂದಲೇ ಬಂದಿದ್ದು. ತಾಯಿ ಹೊಟ್ಟೆಯೊಳಗೆ ಇದ್ದಾಗ್ಲೇ ಆ ಕಡೆ ಎದೆ ಸ್ನಾಯು ಬೆಳೆದಿಲ್ಲ, ಬೆರಳೂ ಪೂರ್ತಿ ಬೆಳೆದಿಲ್ಲ. ಅದಕ್ಕೇ ಮೊಲೆನೂ ಬರಲಿಲ್ಲ. ಕೂಸಿಗೆ ಬರೆ ಹಾಕೋದು ತಪ್ಪೇ, ಅದನ್ನ ಯಾರೂ ಮಾಡ್ಬಾರ್ದು. ಆದ್ರೆ ನಿಮಗೆ ಹಿಂಗಾಗಿದ್ದು ಅದರಿಂದಲ್ಲ."

ಬಸ್ಸು ಹೊಳಲ್ಕೆರೆ ದಾಟುವವರೆಗೂ ನನ್ನ ಬಲಗೈಯನ್ನೇ ನೋಡುತ್ತ ಕೂತಿದ್ದೆ.

ಅಜ್ಜಿ ನಂಬಲಿಲ್ಲ. "ಮುದುಕಿ ಸಮಾಧಾನಕ್ಕೆ ಹಂಗಂದಿರ್ತಾರೆ," ಎಂದಳು. ಅವಳೊಂದಿಗೆ ವಾದ ಮಾಡಿ ಗೆದ್ದವರು ಹಟ್ಟಿಯಲ್ಲಿ ಯಾರೂ ಇಲ್ಲ. ನಾನು ಬಲಗೈ ಚಾಚಿದೆ.

"ಈ ಬೆರಳು ಯಾವಾಗಿಂದ ಹಿಂಗವೆ ಅಜ್ಜಿ?"

"ಹುಟ್ಟಿದಾಗಿಂದ. ನಿನ್ನ ಮೊದ್ಲು ಎತ್ಕಂಡೋಳು ನಾನೇ ಅಲ್ವೇನೆ? ಮೋಟುಬೆರಳಿ ಅಂತ ನಕ್ಕಿದ್ದೆ."

"ಬೆರಳಿಗೂ ಎದೆಗೂ ಆಗಿದ್ದು ಒಂದೇ ಅಂತೆ. ಒಂದೇ ಸಲ ಆಗಿದ್ದಂತೆ. ನೀನು ಬರೆ ಹಾಕೋಕೆ ಮುಂಚೆನೇ."

ಅಜ್ಜಿ ನನ್ನ ಕೈ ತೆಗೆದುಕೊಂಡು ಒಂದೊಂದೇ ಬೆರಳನ್ನು ಸವರಿದಳು.

"ಬೆರಳಿಗೆ ನಾನು ಬರೆ ಇಟ್ಟಿರ್ಲಿಲ್ಲ," ಎಂದಳು. ಅದೇ ಮಾತನ್ನು ಮತ್ತೆ ಹೇಳಿದಳು. ಆಮೇಲೆ ಅತ್ತಳು. ನಾನೂ ಅತ್ತೆ.

ಎದ್ದು ಹೋಗಿ ಕೈ ತೊಳೆದು ಬಂದಳು. ಗೋಡೆಗೆ ಒರಗಿ ಕಾಲು ಚಾಚಿ ಕೂತು, "ಕೊಡು," ಎಂದಳು.

ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಮುಷ್ಟಿಗಳನ್ನು ಬಿಡಿಸಿ, ಎರಡೂ ಅಂಗೈ ಜೋಡಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು.

"ಸಮ ಅವೆ," ಎಂದಳು. "ಇಲ್ದಿದ್ರೂ ಏನಂತೆ. ಮನೇಲಿ ಉಣ್ಣೆ ಐತೆ."