ಎರಡೂ ಕಡೆಯ ದೇವರ ಸಾಕ್ಷಿ

ಶವಪೆಟ್ಟಿಗೆಯನ್ನು ಆಂಬುಲೆನ್ಸಿಗೆ ಏರಿಸುವಾಗಲೂ ಕ್ಲಾರೆನ್ಸ್ ಪಟ್ಟು ಬಿಡಲಿಲ್ಲ.

“ಅತ್ತಿಗೆ, ಈಗಲೂ ಹೊತ್ತು ಮೀರಲಿಲ್ಲ. ಊರಿಗೆ ಕೊಂಡೋಗುವ. ಇಲ್ಲಿ ಮಣ್ಣು ಮಾಡಿದ್ರೆ ಅಣ್ಣನ ಗೋರಿಗೆ ಒಂದು ಮೊಂಬತ್ತಿ ಹಚ್ಚುವವರು ಯಾರು?”

ರೋಸಲಿಂಡ್ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಮಸ್ಕತ್ತಿನಲ್ಲೇ ಮಣ್ಣು ಮಾಡಿ ಎಂದು ಸಾಯುವ ಮೊದಲು ಹೇಳಿದ್ದವನು ಗಂಡ ಮ್ಯಾಥ್ಯೂವೇ. ಆದರೆ ಮೈದುನನ ಮಾತೂ ಸುಳ್ಳಲ್ಲ. ಮಕ್ಕಳಿಲ್ಲ, ಗಂಡನ ವೀಸಾದ ಮೇಲಿದ್ದ ತಾನು ಇನ್ನು ಗಂಟುಮೂಟೆ ಕಟ್ಟಲೇಬೇಕು. ಆಮೇಲೆ ಆ ಮನುಷ್ಯ ಇಲ್ಲಿ ಒಬ್ಬನೇ.

*

ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಶಾಲೆಯಲ್ಲಿ ಮ್ಯಾಥ್ಯೂ ಚರಿತ್ರೆಯ ಮೇಷ್ಟ್ರಾಗಿದ್ದ. ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ಹಿಟ್ಟೈಟರೆಂಬ ಪ್ರಾಚೀನ ಜನಾಂಗದ ಪಾಠವನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಶಾಲೆ ಬಿಡುವ ಹೊತ್ತಿಗೆ ಅವನನ್ನು ಕರೆದೊಯ್ಯಲು ಬಂದ ರೋಸಲಿಂಡ್ ವರಾಂಡದಲ್ಲಿ ನಿಂತು ಕೇಳುತ್ತಿದ್ದಳು.

“ಬೆಟ್ಟದ ಮೇಲೆ ಕೋಟೆ ಕಟ್ಟಿದರು, ಬಾಬಿಲೋನನ್ನು ಸೂರೆ ಹೊಡೆದರು, ಈಜಿಪ್ಟಿನ ಫೇರೋನೆದುರು ತೊಡೆ ತಟ್ಟಿದರು. ಆಮೇಲೆ ಬರ, ಒಳಜಗಳ. ರಾಜಧಾನಿ ಖಾಲಿ ಮಾಡಿ ಎಲ್ಲಿಗೋ ಹೋದರು, ಲೋಕ ಮರೆತೇಬಿಟ್ಟಿತು. ಆದರೆ ಅವರ ದೊಡ್ಡಸ್ತಿಕೆ ಇದ್ದದ್ದು ರಾಜಿಯಲ್ಲಿ ಮಕ್ಕಳೇ! ಫೇರೋನಿಗೆ ಮಾತು ಕೊಡುವಾಗ ಎರಡೂ ಕಡೆಯ ದೇವರುಗಳನ್ನು ಸಾಕ್ಷಿಗೆ ಕರೆದರು.”

ಹಾಗಾಗಿ ಅವನ ಕ್ಲಾಸಿನಲ್ಲಿ ಒಂದು ಕಾನೂನು: ಮಾತು ಕೊಡುವವರು ಎದುರಿನವರ ದೇವರ ಹೆಸರಲ್ಲೇ ಕೊಡಬೇಕು. ತನ್ನ ದೇವರನ್ನಾದರೆ ಹೇಗಾದರೂ ಪುಸಲಾಯಿಸಬಹುದು, ಪರರ ದೇವರ ಹತ್ತಿರ ಆಟ ನಡೆಯದು ಎಂಬುದು ಮೇಷ್ಟ್ರ ತರ್ಕ. ದೈವ ನಂಬುವ ತುಳುವರ ಮನೆಯ ಅಕ್ಷಯಾ, ಕೊಂಕಣಿ ಕ್ರೈಸ್ತರ ಗ್ಯಾವಿನ್ ಬೆಂಚಿಗಾಗಿ ಕಚ್ಚಾಡಿದಾಗ ರಾಜಿಯಾದದ್ದೂ ಹೀಗೇ. ಆ ದಿನ ರೋಸಲಿಂಡಿಗೆ ಗಂಡನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತ್ತು.

*

“ಯಲ್ಲಾ ಮೇಡಂ, ಕಿಧರ್?” ಎಂದು ಆಂಬುಲೆನ್ಸಿನ ಚಾಲಕ ಎಲ್ಲಿಗೆಂದು ಕೇಳಿ ಅವಸರಿಸಿದ.

ಜನರ ನಡುವಿನಿಂದ ಅಕ್ಷಯಾ ಮುಂದೆ ಬಂದಳು. ಈಗ ಅವಳಿಗೆ ಮಸ್ಕತ್ತಿನಲ್ಲೇ, ಅಲ್ ಖೌದಿನಲ್ಲಿ ಕೆಲಸ. ಹಿಂದೆಯೇ ಹತ್ತಿರದ ಬರ್ಕಾ ಪಟ್ಟಣದಿಂದ ಬಂದ ಗ್ಯಾವಿನ್.

“ಆಂಟಿ, ಸರ್‌ಗೆ ಮೊಂಬತ್ತಿ ನಾನು ಹಚ್ತೇನೆ. ಪ್ರತಿ ವರ್ಷ. ಮೇರಿಯಮ್ಮನೇ ಸಾಕ್ಷಿ,” ಎಂದಳು ಅಕ್ಷಯಾ.

ಗ್ಯಾವಿನ್ ಅವಳತ್ತ ತಿರುಗಿದ. “ನೀನು ಮಸ್ಕತ್ತಲ್ಲಿ ಇಲ್ಲದಿದ್ರೆ ನಾನು ಹಚ್ತೇನೆ ಮಾರಾಯ್ತಿ. ನಿಮ್ಮ ಮನೆಯ ಪಂಜುರ್ಲಿ ಸಾಕ್ಷಿ.”

ಕ್ಲಾರೆನ್ಸ್ ದಂಗಾದ. ಆ ದೈವದ ಹೆಸರೆತ್ತಿ ಮಾತು ತಪ್ಪುವ ಧೈರ್ಯ ಕರಾವಳಿಯಲ್ಲಿ ಯಾರಿಗೂ ಇಲ್ಲವೆಂದು ಉಡುಪಿಯವನಾದ ಅವನಿಗೆ ಹೇಳಿಕೊಡಬೇಕೆ?

“ಕಬರಸ್ತಾನ್,” ಎಂದಳು ರೋಸಲಿಂಡ್ ಚಾಲಕನಿಗೆ.

ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಹಗ್ಗಗಳನ್ನು ಮನೆಯವರೇ ಹಿಡಿಯುವುದು ರೂಢಿ. ಮನೆಯವನೆಂದು ಅಲ್ಲಿದ್ದವನು ಕ್ಲಾರೆನ್ಸ್ ಒಬ್ಬನೇ. ಒಂದು ತುದಿಯನ್ನು ಗ್ಯಾವಿನ್ನಿಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಉಳಿದವಕ್ಕೆ ಕೈ ಹುಡುಕುತ್ತ ಸುತ್ತ ನೋಡಿದ. ಅಕ್ಷಯಾ ಚಪ್ಪಲಿ ಕಳಚಿ ದೂರದಲ್ಲಿ ನಿಂತಿದ್ದಳು.

“ಬಾ ಮಗಾ, ಗಟ್ಟಿ ಹಿಡ್ಕೋ,” ಎಂದು ಮತ್ತೊಂದು ತುದಿಯನ್ನು ಅವಳತ್ತ ಚಾಚಿದ.

ಅಕ್ಷಯಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಕಾಲೂರಿ ನಿಂತಳು.