ಅತ್ತೆ ಆರಿಸಿದ ಪರದೆ

ನನ್ನ ಅತ್ತೆಯ ಎದುರು ಉದ್ದನೆಯ ವಾಕ್ಯವೊಂದನ್ನು ಪೂರ್ತಿಯಾಗಿ ಆಡಿ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಪೀಠಿಕೆ, ಸಬೂಬು, ಸಂಕೋಚ, ಅಲಂಕಾರ ಎಲ್ಲವನ್ನೂ ಹೊದ್ದುಕೊಂಡು ಹೊರಟ ಮಾತು ಇನ್ನೂ ಹೊಸಿಲು ದಾಟುವ ಮೊದಲೇ ಅವರು ಎಡಗೈಯ ತೋರುಬೆರಳನ್ನು ತುಸು ಮೇಲೆತ್ತಿ, "ಅಂದ್ರೆ..." ಎಂದು ಅದರ ತಿರುಳನ್ನಷ್ಟೇ ಹಿಂಡಿ ನಿಮ್ಮ ಕೈಗೆ ಕೊಟ್ಟುಬಿಡುತ್ತಾರೆ. ಅವರು ಮನೆ ಬದಲಾಯಿಸುವ ದಿನ ಸಾಮಾನು ಹೊರಲು ತಾನೇಕೆ ಬರಲಾಗದು ಎಂಬುದನ್ನು ನನ್ನ ಅಪ್ಪ, ಎಂದರೆ ಅತ್ತೆಯ ಒಡಹುಟ್ಟಿದ ಅಣ್ಣ, ಸೊಂಟನೋವಿನಿಂದ ಆರಂಭಿಸಿ ಹವಾಮಾನದ ಮುನ್ಸೂಚನೆಯವರೆಗೆ ಸಾಂಗೋಪಾಂಗವಾಗಿ ವಿವರಿಸುತ್ತಿದ್ದಾಗ, ಅತ್ತೆ "ಅಂದ್ರೆ, ಮನಸ್ಸಿಲ್ಲ" ಎಂದರು. ಅಪ್ಪ ತೆಪ್ಪಗೆ ಬಂದು ಬೀರು ಹೊತ್ತರು.

ಇದನ್ನು ಒರಟುತನವೆಂದು ಎಣಿಸಬೇಡಿ, ಇದು ಅವರ ಕಸುಬು. ಅತ್ತೆ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವವರು. ತೆರೆಯ ಮೇಲೆ ನಾಯಕ ಎಷ್ಟೇ ಬಡಬಡಿಸಲಿ, ಕೆಳಗೆ ಅವನಿಗೆ ಎರಡು ಸಾಲಿನ ಜಾಗವಷ್ಟೇ. ನೋಡುವವರ ಕಣ್ಣು ಕೆಳಗಿಳಿದು ಓದಿಕೊಂಡು ಮತ್ತೆ ಮುಖಕ್ಕೆ ಏರುವಷ್ಟರಲ್ಲಿ ಮಾತು ಮುಟ್ಟಿರಬೇಕು. ಹೀಗೆ ಅನ್ಯರ ವಾಚಾಳಿತನವನ್ನು ಕತ್ತರಿಸುತ್ತಲೇ ಕೂದಲು ನರೆಸಿಕೊಂಡ ಅತ್ತೆಗೆ ರಸ್ತೆಯೂ ಒಂದು ತೆರೆಯೇ. ಮಾವನ ಹಳೆಯ ಕಂದು ಕೋಟನ್ನು ತೋಳು ಮಡಿಸಿ ತೊಟ್ಟು, ಭರಭರನೆ ನಡೆಯುತ್ತಿದ್ದವರು ಯಾವುದೋ ಅಂಗಡಿಯ ಬೋರ್ಡಿನ ಮುಂದೆ ಗಕ್ಕನೆ ನಿಂತು, ಅಕ್ಷರ ದೂರದಿಂದ ಹೇಗೆ ಕಾಣುತ್ತದೆಂದು ನೋಡಲು ಹಿಂದಕ್ಕೆ ಹೆಜ್ಜೆ ಇಟ್ಟು, ಬೆನ್ನ ಹಿಂದೆ ಬರುವವರಿಗೆ ಢಿಕ್ಕಿ ಹೊಡೆಯುತ್ತಾರೆ. ಕ್ಷಮೆ ಕೇಳುವುದು ಮಾತ್ರ ಜೊತೆಗಿರುವ ನನ್ನ ಪಾಲಿಗೆ.

ಇನ್ನು ಮಾವ. ಅವರ ಕಿವಿ ಒಂದೇ ಸಲ ಕೈಕೊಟ್ಟಿದ್ದಲ್ಲ. ಮೊದಲು ಫೋನಿನ ಮಾತು ಹೋಯಿತು, ಆಮೇಲೆ ಪಕ್ಕದ ಕೋಣೆಯದು, ಕೊನೆಗೆ ಎದುರಿಗೆ ಕೂತವರದು. ಈಗ ಅವರು ತುಟಿಗಳನ್ನು ನೋಡಿ ಮಾತು ಹಿಡಿಯುತ್ತಾರೆ. ನಾಲ್ಕು ಜನ ಸೇರಿದ ಕಡೆ ಯಾರೋ ಏನೋ ತಮಾಷೆ ಹೇಳುತ್ತಾರೆ, ಎಲ್ಲರೂ ಗೊಳ್ಳೆಂದು ನಗುತ್ತಾರೆ. ಅತ್ತೆ ಮಾವನತ್ತ ತಿರುಗಿ ಅದನ್ನೇ ಚಿಕ್ಕದಾಗಿ, ತುಟಿ ಬಿಡಿಸಿ ಹೇಳುತ್ತಾರೆ. ಎಲ್ಲರ ನಗು ಅಡಗಿದ ಮೇಲೆ ಮಾವನ ನಗು ಹೊರಡುತ್ತದೆ. ಆ ತಡವಾದ ನಗು ಕೋಣೆಯ ನಡುವೆ ಒಂಟಿಯಾಗಿ ನಿಂತುಬಿಡುತ್ತದೆ. ಸಂಜೆ ಟಿವಿಯ ಮುಂದೆ, ಸೋಫಾದಲ್ಲಿ, ಹೆಂಡತಿ ಬರೆದ ಸಾಲುಗಳನ್ನು ಓದುತ್ತ ಕೂತಾಗ ಮಾತ್ರ ಮಾವ ಎಲ್ಲರ ಜೊತೆಗೆ, ಅದೇ ಗಳಿಗೆಗೆ ನಗುತ್ತಾರೆ.

ಹೊಸ ಮನೆ ಚಿಕ್ಕದು. ಕಿಟಕಿಗೂ ಅಪ್ಪ ಹೊತ್ತು ತಂದ ಬೀರುವಿಗೂ ನಡುವೆ ಉಳಿದದ್ದು ಒಂದೇ ಗೋಡೆ. ಅಲ್ಲಿ ಅತ್ತೆಯ ಕಂಪ್ಯೂಟರ್ ಪರದೆ ಇಟ್ಟರೆ ಟಿವಿಗೆ ಜಾಗವಿಲ್ಲ, ಟಿವಿ ಇಟ್ಟರೆ ಅತ್ತೆಯ ಕೆಲಸಕ್ಕೆ ಜಾಗವಿಲ್ಲ. ಮಾವನಿಗೊಂದು ಟ್ಯಾಬ್ ಕೊಡಿಸಿದರೆ ಅವರು ಮಂಚದ ಮೇಲೆ ಆರಾಮಾಗಿ ಒರಗಿಕೊಂಡು ತಮಗೆ ಬೇಕಾದ್ದನ್ನು ನೋಡಿಕೊಂಡಿರಬಹುದು ಎಂದು ನಾನು ಬುದ್ಧಿವಂತಿಕೆ ತೋರಿಸಹೋದೆ. ಬೆರಳು ಮೇಲೆದ್ದಿತು.

"ಅಂದ್ರೆ, ಒಬ್ರೇ ನಗ್ಬೇಕು."

ಹಾಗಾಗಿ ಒಂದೇ ಪರದೆ ಎಂದು ತೀರ್ಮಾನವಾಯಿತು: ಹಗಲು ಅತ್ತೆಯ ದುಡಿಮೆಗೆ, ಸಂಜೆ ಇಬ್ಬರ ಸಿನಿಮಾಕ್ಕೆ. ಆಯ್ಕೆ ಕೆಟ್ಟರೆ ಒಂದೋ ಅತ್ತೆ ಕಸುಬು ಬಿಡಬೇಕು, ಇಲ್ಲವೇ ಮಾವ ಸಂಜೆಯನ್ನು ಬಿಡಬೇಕು. ಇಂಥ ಇಕ್ಕಟ್ಟಿನಲ್ಲಿ ನಾನಾಗಿದ್ದರೆ ಹತ್ತು ಜನರ ಸಲಹೆ ಕೇಳಿ ಹನ್ನೊಂದು ಬಗೆಯಲ್ಲಿ ಗೊಂದಲಗೊಳ್ಳುತ್ತಿದ್ದೆ. ಅತ್ತೆ ಕೋಟಿನ ಜೇಬಿಗೆ ಪೆನ್ ಡ್ರೈವ್ ಇಳಿಸಿ, "ನಡಿ" ಎಂದರು.

ಅಂಗಡಿಯ ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಗಿಳಿಗಳು, ಜಲಪಾತಗಳು. "ಗಿಳಿ ತೆಗೀರಿ," ಎಂದರು ಅತ್ತೆ. ಪೆನ್ ಡ್ರೈವಿನಲ್ಲಿ ಅವರು ತಂದಿದ್ದು ಕಪ್ಪು ಹಿನ್ನೆಲೆ, ಅದರ ಮೇಲೆ ಬಿಳಿಯ ಅಕ್ಷರದ ಒಂದು ಸಾಲು, ಅಷ್ಟೇ. ಮಾವನನ್ನು ಸೋಫಾದಷ್ಟು ದೂರಕ್ಕೆ ಕುರ್ಚಿ ಹಾಕಿ ಕೂರಿಸಿ, ತಾವು ಮೇಜಿನ ಮುಂದೆ ಕೂತಷ್ಟು ಹತ್ತಿರ ನಿಂತು, ಒಂದೊಂದೇ ಪರದೆಯನ್ನು ಪರೀಕ್ಷೆಗೆ ಒಡ್ಡಿದರು. ಚಿಕ್ಕದು ಹತ್ತಿರಕ್ಕೆ ಕಡೆದಿಟ್ಟಂತೆ ಸ್ಪಷ್ಟ, ಆದರೆ ಮಾವ ಕಣ್ಣು ಕಿರಿದು ಮಾಡಿ ಅಡ್ಡಡ್ಡ ತಲೆಯಾಡಿಸಿದರು. ದೊಡ್ಡದನ್ನು ಮಾವ ಸಲೀಸಾಗಿ ಓದಿದರು, ಆದರೆ ಹತ್ತಿರದಲ್ಲಿ ಅಕ್ಷರದ ಅಂಚಿಗೆಲ್ಲ ಕೆಂಪು ನೀಲಿ ಮೆತ್ತಿಕೊಂಡಿತ್ತು. ನಡುವಿನದೊಂದು ಇಬ್ಬರಿಗೂ ಒಪ್ಪಿತವಾಯಿತು.

ಅಂಗಡಿಯಾತ ಕೈ ಉಜ್ಜಿಕೊಳ್ಳುತ್ತ, "ಒಳ್ಳೇ ಸೆಲೆಕ್ಷನ್ ಮ್ಯಾಡಮ್, ಆದ್ರೆ ಇದು ಮೂಲತಃ ಟಿವಿ ಅಲ್ವಾ, ಕಂಪ್ಯೂಟರ್ ಹಾಕೋವಾಗ ನೀವು ಏನ್ ಮಾಡ್ಬೇಕು ಅಂದ್ರೆ..." ಎಂದು ತೊಡಗಿದ.

"ಅಂದ್ರೆ, ಎರಡಕ್ಕೂ ಆಗತ್ತೆ. ಪ್ಯಾಕ್ ಮಾಡಿ."

ಆತನ ಉಳಿದ ಮಾತು ಅಂಗಡಿಯಲ್ಲೇ ಉಳಿಯಿತು.

ಮನೆಯಲ್ಲಿ ಪರದೆ ಗೋಡೆಗೇರಿತು, ಕಂಪ್ಯೂಟರಿನ ತಂತಿ ಸೇರಿತು. ಅತ್ತೆ ಆಗ ಒಂದು ಹಾಸ್ಯಚಿತ್ರದ ಸಾಲುಗಳನ್ನು ಬರೆದು ಮುಗಿಸುವುದರಲ್ಲಿದ್ದರು, ಮರುದಿನವೇ ಕಳಿಸಬೇಕಿತ್ತು. ಹೊಸ ಪರದೆಯಲ್ಲಿ ನೋಡಿದರೆ ಕೆಳಗಿನ ಸಾಲಿನ ಒತ್ತಕ್ಷರಗಳೆಲ್ಲ ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದಂತಿವೆ. ಕಂಪ್ಯೂಟರಿನ ಕೆಳಪಟ್ಟಿಯೂ ಅರ್ಧ ಮಾಯವಾಗಿತ್ತು, ಅದನ್ನು ಈಚಿನ ಫ್ಯಾಷನ್ ಇರಬೇಕೆಂದು ಬಿಟ್ಟುಬಿಟ್ಟರು. ಪರದೆಯನ್ನು ಆರಿಸಿದವರು ತಾವಾದ್ದರಿಂದ ದೋಷ ಪರದೆಯದಾಗಿರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಸಿನಿಮಾದ ಉದ್ದಕ್ಕೂ ಅಷ್ಟೂ ಸಾಲುಗಳನ್ನು ಧಾರಾಳವಾಗಿ ಮೇಲಕ್ಕೆ ಸರಿಸಿ, ಸಂಜೆ ಎಂದಿನಂತೆ ಮೊದಲ ಪ್ರೇಕ್ಷಕನನ್ನು ಕರೆದು ಸೋಫಾದಲ್ಲಿ ಕೂರಿಸಿದರು. ನಾನೂ ಇದ್ದೆ.

ಸಿನಿಮಾದಲ್ಲಿ ಮೈದುನನೊಬ್ಬ ಅತ್ತಿಗೆಯ ಎದುರು ಸಿಕ್ಕಿಬಿದ್ದು ಸುಳ್ಳಿನ ಮೇಲೆ ಸುಳ್ಳು ಹೆಣೆಯುವ ಸನ್ನಿವೇಶ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ, ಅವರು ಪರದೆಯನ್ನು ನೋಡುತ್ತಿರಲಿಲ್ಲ, ಮಾವನನ್ನು ನೋಡುತ್ತಿದ್ದರು. ಮಾವನ ಮುಖ ಕದಲಲಿಲ್ಲ. ಸನ್ನಿವೇಶ ಮುಗಿದು ಬೇರೊಂದು ಬಂದ ಮೇಲೆ, ನಮ್ಮ ಮುಖ ನೋಡಿ, ಸೌಜನ್ಯಕ್ಕೆಂಬಂತೆ ಸಣ್ಣಗೆ ನಕ್ಕರು. ಅದೇ ತಡವಾದ ನಗು, ಈಗ ಈ ಸೋಫಾಕ್ಕೂ ಬಂದಿತ್ತು.

ಅತ್ತೆ ಚಿತ್ರ ನಿಲ್ಲಿಸಿ ಮಾವನತ್ತ ತಿರುಗಿದರು. "ಓದಕ್ಕಾಗಲ್ವಾ?"

"ಓದಕ್ಕಾಗತ್ತೆ," ಎಂದರು ಮಾವ. "ಬಾಯೇ ಕಾಣಲ್ಲ. ಅಕ್ಷರ ಬಾಯಿ ಮೇಲೆ ಕೂತಿದೆ. ಯಾರು ಸುಳ್ಳು ಹೇಳ್ತಿದ್ದಾರೆ ಅಂತಾನೇ ಗೊತ್ತಾಗಲ್ಲ ಕಣೇ."

ಅತ್ತೆಯ ಬೆರಳು ಏಳಲಿಲ್ಲ. ಎದ್ದು ಪರದೆಯ ಹತ್ತಿರ ಹೋದರು, ಹಿಂದಕ್ಕೆ ಹೆಜ್ಜೆ ಇಟ್ಟರು, ಬೀರುವಿಗೆ ಢಿಕ್ಕಿ ಹೊಡೆದರು. ಆಮೇಲೆ ಅಂಗಡಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿ, "ಅವತ್ತು ನೀವೇನೋ ಹೇಳಕ್ಕೆ ಹೊರಟಿದ್ರಿ. ಪೂರ್ತಿ ಹೇಳಿ," ಎಂದರು.

"ಏನಿಲ್ಲ ಮ್ಯಾಡಮ್, ಟಿವಿ ಆದ್ರಿಂದ ಹೊರಗಿಂದ ಬರೋ ಚಿತ್ರನ ಇದು ಸ್ವಲ್ಪ ಹಿಗ್ಗಿಸಿ ತೋರ್ಸತ್ತೆ, ಹಿಗ್ಗಿಸಿದಾಗ ನಾಲ್ಕೂ ಕಡೆ ಅಂಚು ಹೊರಗೆ ಹೋಗ್ಬಿಡತ್ತೆ, ಪೆನ್ ಡ್ರೈವಲ್ಲಿ ಆ ತೊಂದ್ರೆ ಬರಲ್ಲ, ತಂತಿ ಹಾಕಿದ್ರೆ ಮಾತ್ರ ಬರತ್ತೆ, ಆಗ ನೀವು ಸೆಟ್ಟಿಂಗ್ಸ್‌ಗೆ ಹೋಗಿ..."

ಇಷ್ಟರಲ್ಲಿ ಅಭ್ಯಾಸಬಲದಿಂದ ಎಡಗೈಯ ಬೆರಳು ಮೇಲೇಳತೊಡಗಿತು. ಅತ್ತೆ ಅದನ್ನು ಬಲಗೈಯಿಂದ ಗಬಕ್ಕನೆ ಹಿಡಿದುಕೊಂಡರು. ಆತ ಸಾವಕಾಶವಾಗಿ, ಮಾತು ಕಡಿಯುವವರಿಲ್ಲದ ಸುಖವನ್ನು ಪೂರ್ತಿ ಅನುಭವಿಸುತ್ತ, ಕಂಪ್ಯೂಟರಿನ ಆಯ್ಕೆ ಎಲ್ಲಿದೆ, ಅದನ್ನು ಒತ್ತಿದರೆ ಏನಾಗುತ್ತದೆ ಎಂದು ಹೇಳಿ ಮುಗಿಸುವವರೆಗೂ ಆ ಬೆರಳು ಬಲಗೈಯ ಸೆರೆಯಲ್ಲೇ ಇತ್ತು. ಗುಂಡಿ ಒತ್ತಿದೊಡನೆ ಚಿತ್ರ ನಾಲ್ಕೂ ಕಡೆಯಿಂದ ಒಳಸರಿದು, ಮುಳುಗಿದ್ದ ಕೆಳಪಟ್ಟಿ ಮೇಲೆದ್ದಿತು.

ಪರದೆ ಸರಿಯಿತ್ತು, ಆಯ್ಕೆಯೂ ಸರಿಯಿತ್ತು. ಆದರೂ ಅತ್ತೆ ತಪ್ಪನ್ನು ಅಂಗಡಿಯಾತನ ತಲೆಗೆ ಕಟ್ಟಲಿಲ್ಲ. "ಮಧ್ಯ ಕತ್ತರಿಸಿದ್ದು ನಾನೇ," ಎಂದು ಒಂದೇ ಸಾಲಿನಲ್ಲಿ ವಿಚಾರಣೆ ಮುಗಿಸಿ, ಮೇಲೇರಿಸಿದ ಸಾಲುಗಳನ್ನೆಲ್ಲ ಕೆಳಗಿಳಿಸಲು ಕೂತರು. ಅದೇ ಸಂಜೆ ಅದೇ ಸನ್ನಿವೇಶ ಮತ್ತೊಮ್ಮೆ ಓಡಿತು. ಮೈದುನ ಬಾಯಿ ತೆರೆದ, ಸುಳ್ಳು ಕೆಳಗೆ ಮೂಡಿತು, ಮಾವ ನನಗಿಂತ ಮೊದಲೇ ಗೊಳ್ಳೆಂದರು. ಅತ್ತೆ ಕೋಟಿನ ತೋಳಿನಿಂದ ಕನ್ನಡಕ ಒರೆಸಿಕೊಂಡರು, ಕನ್ನಡಕವನ್ನಷ್ಟೇ ಅಲ್ಲ ಎಂಬುದು ನನಗೂ ಕಂಡಿತು.

ತಾವು ತಪ್ಪುವುದೇ ಇಲ್ಲವೆಂದು ನಂಬಿ ನಡೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೊದಲ ತಪ್ಪಿಗೇ ಅವರ ಗತ್ತು ಇಳಿದುಹೋಗುತ್ತದೆ, ಇಲ್ಲವೇ ತಪ್ಪನ್ನೇ ಸರಿಯೆಂದು ಸಾಧಿಸಲು ಹೊರಡುತ್ತದೆ. ಅತ್ತೆಯಂಥವರ ಧೈರ್ಯದ ಬೇರು ಬೇರೆಲ್ಲೋ ಇರುತ್ತದೆ. ತಾವು ಯಾರಿಗಾಗಿ ದುಡಿಯುತ್ತಿದ್ದೇವೆ, ಆ ಮನುಷ್ಯ ಎಲ್ಲಿ ಕೂತಿದ್ದಾನೆ, ಅವನಿಗೆ ಅಲ್ಲಿಂದ ಏನು ಕಾಣುತ್ತದೆ ಎಂಬುದು ಅವರಿಗೆ ಖಚಿತವಾಗಿ ಗೊತ್ತು. ಆದ್ದರಿಂದ ಅವರು ಹಿಂಜರಿಯದೆ ಆರಿಸುತ್ತಾರೆ, ಎಡವಿದರೆ ಅಷ್ಟೇ ಹಿಂಜರಿಯದೆ ತಿದ್ದುತ್ತಾರೆ. ಇದನ್ನೆಲ್ಲ ಬರೆದು ಅತ್ತೆಗೆ ಓದಿ ಹೇಳತೊಡಗಿದೆ. ಬೆರಳು ಮೇಲೆದ್ದಿತು.

"ಅಂದ್ರೆ, ಅವ್ರು ನಕ್ರು."