ಬನಶಂಕರೆವ್ವ ಕಂಡ ಫ್ರಾನ್ಸ್

ಬನಶಂಕರೆವ್ವ ಯಾರ ಫೋಟೋವನ್ನೂ ನೋಡುವುದಿಲ್ಲ. ಮೊಮ್ಮಗನ ಜವಳದ ಫೋಟೋ ಇರಲಿ, ಓಣಿಯವರು ಜೋಗಕ್ಕೆ ಹೋಗಿಬಂದ ಫೋಟೋ ಇರಲಿ, ಯಾರಾದರೂ ಹುರುಪಿನಿಂದ ಮೊಬೈಲನ್ನು ಅವಳ ಕೈಗಿತ್ತರೆ, ಎರಡು ಬೆರಳಿನಲ್ಲಿ ಹಿಡಿದು, ಮಗುಚಿ, ಮುಖ ಕೆಳಗೆ ಮಾಡಿ, ಕೊಟ್ಟವರ ತೊಡೆಯ ಮೇಲೆಯೇ ಇಟ್ಟುಬಿಡುತ್ತಾಳೆ. "ನೀವು ನೋಡೀರಲ್ಲ, ಆತು" ಎಂಬುದು ಅದರ ಜೊತೆಗೆ ಬರುವ ಒಂದೇ ಮಾತು. ಐದು ಸಲ ಫ್ರಾನ್ಸ್ ದೇಶಕ್ಕೆ ಹೋಗಿಬಂದ ಹೆಂಗಸಿಗೆ ನಮ್ಮ ಜೋಗ ಎಲ್ಲಿ ಕಂಡೀತು ಎಂದು ಬೆಟಗೇರಿಯ ಜನ ಮಾತಾಡಿಕೊಳ್ಳುತ್ತಾರೆ. ಇದು ಗರ್ವವೆಂಬುದು ಊರಿನ ಒಮ್ಮತದ ತೀರ್ಮಾನ. ತೀರ್ಮಾನವನ್ನು ತಿದ್ದುವ ಗೊಡವೆಗೆ ಅವಳು ಹೋಗಿಲ್ಲ.

ಆಕೃತಿಯಲ್ಲಿ ಗಿಡ್ಡಿ, ಗಟ್ಟಿ. ವಯಸ್ಸು ಐವತ್ತಾರರ ಆಸುಪಾಸು. ನಡಿಗೆ ಮಾತ್ರ ವಿಲಕ್ಷಣವಾದುದು. ಬರಿಗೈಯಲ್ಲಿ ಬಜಾರಿಗೆ ಹೊರಟಾಗಲೂ ಮೊಣಕೈಗಳನ್ನು ಹೊರಚಾಚಿ, ಬೆನ್ನನ್ನು ತುಸು ಹಿಂದಕ್ಕೆ ಮಾಡಿ, ತುಂಬಿದ ಬೋಗುಣಿಯನ್ನು ತುಳುಕದಂತೆ ಒಯ್ಯುವವಳ ಹಾಗೆ ಅಗಲಗಲವಾಗಿ ಹೆಜ್ಜೆ ಇಡುತ್ತಾಳೆ. ಎದುರಿನವರು ಏನು ಹೇಳುತ್ತಿದ್ದರೂ ನಡುನಡುವೆ "ಮುಂದ?" ಎನ್ನುವುದು ಅವಳ ರೂಢಿ, ಮಾತಿನಲ್ಲಿಯೂ ಒಂದು ಹದ ಮುಗಿದರೆ ಇನ್ನೊಂದಕ್ಕೆ ಕೈಹಾಕಬೇಕೆಂಬ ಅವಸರ. ಚಳಿಗಾಲದ ಮುಂಜಾವುಗಳಲ್ಲಿ ಸೀರೆಯ ಮೇಲೆ ಒಂದು ಗಂಡಸರ ಕೋಟು ಹಾಕಿಕೊಳ್ಳುತ್ತಾಳೆ. ಬೂದುಬಣ್ಣದ್ದು, ಮೊಣಕಾಲಿನವರೆಗೆ ಇಳಿಯುವಂಥದ್ದು. ಅವಳು ಮೊದಲ ಸಲ ಫ್ರಾನ್ಸಿಗೆ ಹೋದಾಗ ಪ್ರವಾಸಿಯೊಬ್ಬರು ಪೆಟ್ಟಿಗೆಯ ಭಾರ ಹೆಚ್ಚಾಯಿತೆಂದು ಅವಳಿಗೆ ಕೊಟ್ಟುಹೋದದ್ದು. ಎಷ್ಟು ಸಲ ಒಗೆದರೂ ಅದರ ತೋಳಿನಿಂದ ಇಂಗಿನ ವಾಸನೆ ಹೋಗಿಲ್ಲ.

ಅವಳು ನೇಕಾರರ ಮನೆತನದವಳು. ಗಂಡ ಗೋಪಣ್ಣ ಇಂದಿಗೂ ಕೈಮಗ್ಗದ ಮುಂದೆ ಕೂರುವ ಬೆರಳೆಣಿಕೆಯ ಜನರಲ್ಲಿ ಒಬ್ಬ. ಮಗ್ಗವೊಂದೇ ಸಾಲದಾದಾಗ ಬನಶಂಕರೆವ್ವ ಲಗ್ನದ ಮನೆಗಳ ಅಡಿಗೆಗೆ ನಿಂತಳು. ಮುಂಡರಗಿ, ಹಿರೇವಡ್ಡಟ್ಟಿ, ಶಿರಹಟ್ಟಿ, ಎಲ್ಲಿಯೇ ಹಂದರ ಹಾಕಲಿ, ಜೋಳದ ರೊಟ್ಟಿಗೆ ಅವಳೇ ಬೇಕು. ಲಟ್ಟಣಿಗೆ ಮುಟ್ಟಿದರೆ ರೊಟ್ಟಿಯ ಜೀವ ಹೋಗುತ್ತದೆಂಬುದು ಅವಳ ಹಟ. ಸಾವಿರ ರೊಟ್ಟಿಯಾದರೂ ಕೈಯಿಂದಲೇ ಬಡಿಯಬೇಕು. ಅಂಥದೊಂದು ಲಗ್ನದಲ್ಲಿ ಉಂಡವನು ಗದಗಿನ ಕಿರಣಕುಮಾರ. ನಮ್ಮ ಕಡೆಯ ನಿವೃತ್ತ ನೌಕರರನ್ನೂ ವ್ಯಾಪಾರಸ್ಥರನ್ನೂ ಗುಂಪುಗೂಡಿಸಿ ವರ್ಷಕ್ಕೊಮ್ಮೆ ಫ್ರಾನ್ಸಿನ ಹಳ್ಳಿಗಾಡಿಗೆ ಕರೆದೊಯ್ಯುವುದು ಅವನ ಉದ್ಯೋಗ. ಕಣಿವೆ, ಕೊಳ್ಳ, ಸರೋವರ, ಗುಡ್ಡದ ನೆತ್ತಿಯ ಕಲ್ಲಿನ ಊರು, ಎಲ್ಲವನ್ನೂ ತೋರಿಸುವ ಶಕ್ತಿ ಅವನಿಗಿತ್ತು, ಮೂರನೆಯ ದಿನಕ್ಕೆ "ರೊಟ್ಟಿ ಎಲ್ಲೈತಿ?" ಎಂದು ಕೇಳುವ ಹೊಟ್ಟೆಗಳಿಗೆ ಉತ್ತರ ಕೊಡುವ ಶಕ್ತಿ ಇರಲಿಲ್ಲ. ಆ ಉತ್ತರವಾಗಿ ಬನಶಂಕರೆವ್ವ ಜೋಳದ ಹಿಟ್ಟಿನ ಚೀಲಗಳ ಸಮೇತ ವಿಮಾನ ಹತ್ತಿದಳು.

ಅಲ್ಲಿ ಕ್ರಮ ಹೀಗಿತ್ತು. ಬಸ್ಸು ಊರಿನ ಬಾಗಿಲಲ್ಲಿ ಜನರನ್ನು ಇಳಿಸುವುದು. ಅಡಿಗೆಯ ವ್ಯಾನು ಅದೇ ಕ್ಷಣ ಊರಿನ ಹಿಂಬದಿಗೆ, ವಾಹನ ನಿಲ್ಲಿಸುವ ಬಯಲಿಗೆ ಹೊರಳುವುದು. ಮೂರು ತಾಸಿನ ನಂತರ ಜನ ನೋಡಿ ದಣಿದು, ಹಸಿದು ಬರುವ ಹೊತ್ತಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು ಸಿದ್ಧವಿರಬೇಕು. ಹೀಗಾಗಿ ಅವಳ ಫ್ರಾನ್ಸಿನ ಭೂಗೋಳವೇ ಬೇರೆ. ಬಣ್ಣಬಣ್ಣದ ಮರದ ಮನೆಗಳು ಕಾಲುವೆಯಲ್ಲಿ ಬಿಂಬ ಬಿಡುವ ಕೊಲ್ಮಾರ್ ಎಂದರೆ ಅವಳಿಗೆ ನೀರು ಸಣ್ಣಗೆ ಬರುವ ನಲ್ಲಿ. ಸುಣ್ಣಗಲ್ಲಿನ ಬಂಡೆ ಸಮುದ್ರಕ್ಕೆ ಕಮಾನು ಕಟ್ಟಿ ನಿಂತಿರುವ ಎತ್ರೆತಾ ಎಂದರೆ ಒಲೆ ನಿಲ್ಲಗೊಡದ ಗಾಳಿ. ಕಡಿದಾದ ಬಂಡೆಗೆ ಊರಿಗೆ ಊರೇ ಅಂಟಿಕೊಂಡಿರುವ ರೊಕಮದೂರ್ ಎಂದರೆ ಪಾತ್ರೆ ಜಾರುವ ಇಳಿಜಾರು. ಅಲ್ಲಿ ಅವಳು ಸಾರಿನ ಬೋಗುಣಿಗೆ ಕಲ್ಲು ಒತ್ತುಕೊಟ್ಟು ಕಾದಿದ್ದಳು. ಮೊದಲ ನಾಲ್ಕು ಸಲವೂ ಅದೇ ಬಯಲು, ಅದೇ ನಲ್ಲಿ.

ನೋಡಬೇಕೆಂಬ ಆಸೆ ಇರಲಿಲ್ಲವೆಂದಲ್ಲ. ಎರಡನೆಯ ಸಲವೇ ಕೇಳಿದ್ದಳು. "ಮುಂದಿನ ಸಲ ನೋಡೂಣು ತಡೀರಿ" ಎಂದಿದ್ದ ಕಿರಣಕುಮಾರ. ಮೂರನೆಯ ಸಲವೂ ಅದನ್ನೇ ಅಂದ. ಆದರೆ ಆಸೆಯನ್ನು ಆರಿಸಿದ್ದು ಅವನ ಮುಂದೂಡಿಕೆಯಲ್ಲ, ಪ್ರವಾಸಿಗರ ದಯೆ. ಪ್ರತಿ ಗುಂಪಿನಲ್ಲಿಯೂ ಒಬ್ಬಿಬ್ಬರು ಮರುಕವುಳ್ಳವರು ಇರುತ್ತಿದ್ದರು. ಊಟದ ತಟ್ಟೆ ಹಿಡಿದು ವ್ಯಾನಿನ ಬಳಿ ಬಂದು, ಅವಳ ಬೆವೆತ ಮುಖ ನೋಡಿ, ಸಂಕೋಚಪಟ್ಟು ಹೇಳುತ್ತಿದ್ದರು: ಅಲ್ಲೇನೂ ಇಲ್ಲ. ಐದನೆಯ ಸಲ ಆ ಪಾತ್ರ ಶಿರಹಟ್ಟಿಯ ವಿರೂಪಾಕ್ಷಪ್ಪನವರದಾಗಿತ್ತು. ಸರಕಾರಿ ಅಧಿಕಾರಿಯಾಗಿ ನಿವೃತ್ತರಾದವರು, ಮೃದುಭಾಷಿ, ದಿನಕ್ಕೆರಡು ಸಲ ವಿಭೂತಿ ಹಚ್ಚುವವರು.

"ಏನಿಲ್ಲ ತಗೋ ಯವ್ವಾ. ಬರೇ ಹಳೇ ಕಲ್ಲಿನ ಮನಿ. ನಮ್ಮ ಮಾಗಡಿ ಕೆರಿಗೆ ಹಕ್ಕಿ ಬಂದಾಗ ಇದಕ್ಕಿಂತ ಚಂದ ಇರ್ತೈತಿ. ನೀ ಬರದಿದ್ದದ್ದ ಚಲೋ ಆತು, ಸುಮ್ನ ಕಾಲು ನೋವು."

ಹೆಂಗಸರು ಮೊಬೈಲು ತೋರಿಸುತ್ತಿದ್ದರು. "ಇಷ್ಟ ನೋಡ್ರಿ. ಇದನ್ನ ನೋಡಿದ್ರ ಆತು, ಹೋಗಿ ಬಂದಂಗ." ಅವಳು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ನೋಡುತ್ತಿದ್ದಳು. ಫೋಟೋದ ತುಂಬ ನಗುವ ಮುಖಗಳು, ಹಿಂದೆ ಹೆಬ್ಬೆರಳಿನಗಲದ ಗುಡ್ಡ. ನಂಬಿದಳು. ಬಾಳೆಹೊಸೂರಿನ ಬೀಗರ ಮನೆಯಲ್ಲಿ ಹೆಂಗಸರು ಸುತ್ತ ಕುಳಿತು ಕೇಳಿದಾಗ, ದೊಡ್ಡದೊಂದು ಗುಟ್ಟು ಬಲ್ಲವಳ ಠೀವಿಯಿಂದ, "ಏನೂ ಇಲ್ರಿ ಅಲ್ಲೆ, ಎಲ್ಲಾ ಕಲ್ಲು" ಎಂದೂ ಹೇಳಿಬಂದಳು. ಇತ್ತ ಗದಗಿನ ಮುಳಗುಂದ ನಾಕಾದಲ್ಲಿ ಕಿರಣಕುಮಾರ ಒಂದು ದೊಡ್ಡ ಫಲಕ ನಿಲ್ಲಿಸಿದ್ದ: ನೇರಳೆ ಹೂವಿನ ಅಪಾರವಾದ ಹೊಲ, ನಡುವೆ ರೊಟ್ಟಿಯ ತಟ್ಟೆ ಹಿಡಿದು ನಗುತ್ತ ನಿಂತ ಬನಶಂಕರೆವ್ವ. ಆ ಹೊಲದಲ್ಲಿ ಅವಳು ಕಾಲಿಟ್ಟವಳಲ್ಲ. ಕಂಪನಿಯ ಕಚೇರಿಯಲ್ಲಿ ಒಂದು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ, ಖಾಲಿ ತಟ್ಟೆ ಕೊಟ್ಟು, "ನಗರಿ" ಎಂದಿದ್ದರು. ಇದ್ದದ್ದೇ ಏನೂ ಇಲ್ಲವಾದ ಮೇಲೆ ಅಲ್ಲಿ ನಿಂತರೇನು, ಇಲ್ಲಿ ನಿಂತರೇನು ಎಂದು ಅವಳೂ ನಕ್ಕಿದ್ದಳು.

ಐದನೆಯ ಪ್ರವಾಸದ ಗುಂಪಿನಲ್ಲಿ ಲಕ್ಷ್ಮೇಶ್ವರದ ಯಾಸ್ಮೀನ ಅಕ್ಕೋರು ಇದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ನಾಳೆ ನೋಡುವ ಊರಿನ ವಿಷಯ ಇಂದೇ ಓದಿಕೊಳ್ಳುವವರು. ಮುಂಜಾನೆ ಅವಳ ಜೊತೆ ಕುಳಿತು ಬದನೆಕಾಯಿ ಹೆಚ್ಚುವ ನೆಪದಲ್ಲಿ ಅದನ್ನೆಲ್ಲ ಹೇಳುತ್ತಿದ್ದರು. ಮೂಸ್ತಿಯೇ ಎಂಬ ಊರಿಗೆ ಹೋಗುವ ದಿನ ಅವರು ಹೇಳಿದ್ದು ಹೀಗೆ: "ಎರಡು ಗುಡ್ಡದ ನಡುವ ಸರಪಳಿ ಕಟ್ಟಿ, ಅದಕ್ಕ ಆಕಾಶದಾಗಿನಂಥಾ ಬಂಗಾರ ಬಣ್ಣದ ಚಿಕ್ಕಿ ತೂಗ ಹಾಕ್ಯಾರಂತ. ಭಾಳ ಹಿಂದ ಯುದ್ಧಕ್ಕ ಹೋಗಿ ಸೆರಿ ಸಿಕ್ಕಾಂವ ಒಬ್ಬ, ಜೀವಂತ ಊರಿಗೆ ಮುಟ್ಟಿದ್ರ ಚಿಕ್ಕಿ ಕಟ್ಟಸ್ತೀನಿ ಅಂತ ಹರಕಿ ಹೊತ್ತಿದ್ನಂತ."

ಬನಶಂಕರೆವ್ವನ ಕೈ ನಿಂತಿತು. "ಮುಂದ?"

"ಮುಂದೇನು, ಬಂದ, ಕಟ್ಟಸಿದ. ಈಗೂ ಐತಿ. ನೀವೂ ಬರ್ರಿ ಇವತ್ತ. ತಾಸಿನ ಮಾತು."

ಕಣಿವೆ, ಕಮಾನುಗಳ ಮಾತು ಅವಳನ್ನು ಅಷ್ಟಾಗಿ ಕಲಕಿರಲಿಲ್ಲ. ಹರಕೆ ಮಾತ್ರ ಅವಳಿಗೆ ಅರ್ಥವಾಗುವ ಭಾಷೆ. ತೊಟ್ಟಿಲು, ಗಂಟೆ, ಬೆಳ್ಳಿಯ ಕಣ್ಣು ಹರಕೆಯಾಗಿ ಒಪ್ಪಿಸಿದ್ದನ್ನು ಕಂಡಿದ್ದಳು. ಗುಡ್ಡದಿಂದ ಗುಡ್ಡಕ್ಕೆ ಚಿಕ್ಕಿ ಕಟ್ಟಿದ್ದನ್ನು ಕೇಳಿಯೂ ಇರಲಿಲ್ಲ. ಕಿರಣಕುಮಾರನನ್ನು ಕೇಳಿದಳು. ಅವನು ತಲೆಯೆಣಿಕೆ ಮಾಡುತ್ತ, ತಿರುಗಿ ನೋಡದೆ, "ಮುಂದಿನ ಸಲ" ಎಂದ.

ವ್ಯಾನು ಬಯಲಿನಲ್ಲಿ ನಿಂತಿತು. ರೊಟ್ಟಿಯಾಯಿತು, ಪಲ್ಯವಾಯಿತು. ಅನ್ನಕ್ಕಿಟ್ಟು, ಉರಿ ಸಣ್ಣ ಮಾಡಿ, ವ್ಯಾನಿನ ಚಾಲಕನಿಗೆ, ಅವನು ಆ ಕಡೆಯವನೇ, ಬೋಗುಣಿಯನ್ನೂ ತನ್ನ ಕಣ್ಣನ್ನೂ ಬೆರಳಿನಿಂದ ತೋರಿಸಿ, ನೋಡುತ್ತಿರೆಂದು ಸನ್ನೆ ಮಾಡಿ, ಬನಶಂಕರೆವ್ವ ಕೋಟು ತೊಟ್ಟು ಹೊರಟಳು. ದಾರಿ ಕೇಳುವ ಭಾಷೆಯಿಲ್ಲ. ಜನ ಹೋಗುವತ್ತ ಹೋದಳು. ಅಂಗಡಿಗಳ ಗೋಡೆಯ ಮೇಲೆ ಚಿತ್ರ ಬರೆದ ಬಿಳಿಯ ತಟ್ಟೆಗಳನ್ನು ತೂಗುಹಾಕಿದ್ದರು. ಉಣ್ಣುವ ತಟ್ಟೆಯನ್ನು ಬರೀ ನೋಡುವುದಕ್ಕೆ ಇಟ್ಟಿದ್ದಾರೆಂದು ಅವಳಿಗೆ ಸೋಜಿಗವಾಯಿತು. ಊರಿನ ನಡುವೆಯೇ ಒಂದು ತೊರೆ ಬಂಡೆಯಿಂದ ಬಂಡೆಗೆ ಧುಮುಕುತ್ತಿತ್ತು. ಮೆಟ್ಟಿಲು ಶುರುವಾದವು, ಹತ್ತಿದಳು, ನಿಂತಳು, ಉಸಿರು ಎಳೆದುಕೊಂಡು ಮತ್ತೆ ಹತ್ತಿದಳು. ತಿರುವಿನಲ್ಲಿ ಜನ ಮುಖವೆತ್ತಿ ನಿಂತಿದ್ದ ಕಡೆ ತಾನೂ ಮುಖವೆತ್ತಿದಳು.

ಎರಡು ಹಳದಿ ಬಂಡೆಗಳು ಆಕಾಶವನ್ನು ಸೀಳಿ ಎದುರುಬದುರಾಗಿ ನಿಂತಿದ್ದವು. ಅವುಗಳ ನೆತ್ತಿಯಿಂದ ನೆತ್ತಿಗೆ ಒಂದು ಎಳೆ. ಮಗ್ಗದ ಮೇಲೆ ಒಂಟಿಯಾಗಿ ಉಳಿದ ಹಾಸಿನ ನೂಲಿನಷ್ಟು ಸಣ್ಣದು. ಅದರ ನಟ್ಟನಡುವೆ, ಹಾಡಹಗಲಿನಲ್ಲಿ, ಒಂದು ಚಿಕ್ಕಿ ಮಿಣುಕುತ್ತಿತ್ತು. ಹೊರಳಿ ನೋಡಿದರೆ ಕೆಳಗೆ ಹೆಂಚಿನ ಮನೆಗಳು, ಅವುಗಳಾಚೆ ಹಸಿರು, ಹಸಿರಿನ ಕೊನೆಗೆ ಸರೋವರವೊಂದು ನಂಬಲಾಗದ ನೀಲಿಯಲ್ಲಿ ಮಲಗಿತ್ತು. ಬನಶಂಕರೆವ್ವ ಕೈಮುಗಿಯಲಿಲ್ಲ. ಅವಳ ಎದೆಯಲ್ಲಿ ಮೊದಲು ಎದ್ದದ್ದು ಆನಂದವೂ ಅಲ್ಲ. ಇಷ್ಟೆಲ್ಲ ಇತ್ತಲ್ಲ, ಎಂದುಕೊಂಡಳು. ಕೊಲ್ಮಾರಿನಲ್ಲಿಯೂ ಇತ್ತು, ಎತ್ರೆತಾದಲ್ಲಿಯೂ ಇತ್ತು. ಐದು ವರ್ಷದ ಒಂದೊಂದು ಬಯಲಿನ ಹಿಂದೆಯೂ ಹೀಗೆ ಏನೋ ಇತ್ತು.

ಹತ್ತು ಮೆಟ್ಟಿಲು ಮೇಲೆ ವಿರೂಪಾಕ್ಷಪ್ಪನವರು ಕುಳಿತಿದ್ದರು. ಫೋಟೋ ತೆಗೆಯುತ್ತಿರಲಿಲ್ಲ, ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡು ಚಿಕ್ಕಿಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿ ಬಂದು ಗಲ್ಲದ ಮೇಲೆ ಇಳಿದಿತ್ತು. ಅವಳನ್ನು ಕಂಡು ಗಡಬಡಿಸಿ ಕಣ್ಣೊರೆಸಿಕೊಂಡರು.

"ನೀ ಯಾಕ ಬಂದಿಬೇ? ಅಡಿಗಿ?"

"ಅನ್ನ ಒಲಿ ಮ್ಯಾಲ ಐತ್ರಿ."

"ಸುಮ್ನ ಹತ್ತಿ ಬಂದಿ. ಏನೈತಿ ಇಲ್ಲೆ..."

ಮಾತು ಅವರ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತ್ತು. ಅರ್ಧಕ್ಕೆ ನಿಲ್ಲಿಸಿದರು. ಬನಶಂಕರೆವ್ವ ಅವರ ಒದ್ದೆ ಗಲ್ಲವನ್ನೇ ನೋಡುತ್ತ ಕೇಳಿದಳು: "ಮತ್ತ ಅಳಾಕತ್ತಿದ್ರಲ್ರಿ, ಸಾಹೇಬ್ರ?"

ಅವರು ಟೊಪ್ಪಿಗೆ ಹಾಕಿಕೊಂಡು ಎದ್ದುನಿಂತರು. ಅವಳು ಇಳಿದು ಬಂದಳು. ಚಾಲಕ ಬೋಗುಣಿಯನ್ನು ನೋಡುತ್ತಲೇ ಇದ್ದ, ಹೇಳಿದಂತೆ; ಮುಚ್ಚಳ ತೆಗೆಯಬೇಕೆಂದು ಅವನಿಗೇನು ಗೊತ್ತು? ಅನ್ನ ತಳ ಹತ್ತಿತ್ತು. ಮತ್ತೆ ಅಕ್ಕಿ ತೊಳೆದು ಇಟ್ಟು ಬಡಿಸುವ ಹೊತ್ತಿಗೆ ಮುಕ್ಕಾಲು ತಾಸು ತಡವಾಯಿತು. ಸಾಲಿನಲ್ಲಿ ನಿಂತ ಮಂದಿ ಗೊಣಗಿತು. ಯಾಸ್ಮೀನ ಅಕ್ಕೋರು ಮಾತ್ರ ಮುಂದೆ ಬಂದು ಸೌಟು ಹಿಡಿದರು. ಊಟವಾದ ಮೇಲೆ ಒಬ್ಬಳು ಸಮಾಧಾನಕ್ಕೆಂದು ಮೊಬೈಲು ಚಾಚಿ, "ಚಿಕ್ಕಿ ಫೋಟೋ ಐತಿ, ನೋಡ್ರಿ" ಎಂದಾಗ, ಬನಶಂಕರೆವ್ವ ಅದನ್ನು ಮೊದಲ ಸಲ ಮಗುಚಿಟ್ಟಳು.

ದೂರು ಕೊಟ್ಟವರಲ್ಲಿ ಮೊದಲಿಗರು ವಿರೂಪಾಕ್ಷಪ್ಪನವರೇ. ಸಿಟ್ಟಿನಿಂದಲ್ಲ, ಶಿಸ್ತಿನ ದೃಷ್ಟಿಯಿಂದ ಎಂದು ಸ್ಪಷ್ಟಪಡಿಸಿದರಂತೆ. ಸಂಜೆ ವಸತಿಗೃಹದ ಪಡಸಾಲೆಯಲ್ಲಿ, ಎಲ್ಲರೂ ಚಹಾ ಕುಡಿಯುತ್ತಿರುವಾಗ, ಕಿರಣಕುಮಾರ ಅವಳನ್ನು ಕರೆಸಿದ. ಬಹುವಚನ ಬಿಟ್ಟುಹೋಗಿತ್ತು.

"ನೀ ಉಣಸಾಕ ಬಂದಾಕಿ, ನೋಡಾಕ ಬಂದಾಕಿ ಅಲ್ಲ. ಇಷ್ಟ ತಿಳಕೋ."

"ನೋಡಾಕ ಬಂದವ್ರು ಉಣ್ಣೂದು ಬಿಡಲಿಲ್ಲಲ್ರಿ," ಎಂದಳು ಬನಶಂಕರೆವ್ವ. "ಉಣಸಾಕ ಬಂದಾಕಿ ಒಂದ್ ಸಲ ನೋಡಿದ್ರ ತಪ್ಪೇನ್ರಿ?"

ಪಡಸಾಲೆಯಲ್ಲಿ ಮೂವತ್ತು ಜನರಿದ್ದರು, ಎಲ್ಲರೂ ಅವಳ ಕೈಯ ಅನ್ನ ಉಂಡವರು. ತಲೆ ತಗ್ಗಿಸಿ ಕಪ್ಪಿನೊಳಗೆ ಚಮಚ ತಿರುವಿದರು. ಯಾಸ್ಮೀನ ಅಕ್ಕೋರು ಎದ್ದು ನಿಂತರು. ಅವರ ಗಂಡ ಸೆರಗು ಜಗ್ಗಿ ಕೂಡ್ರಿಸಿದರು.

ಮುಂದಿನ ವರ್ಷ ಕರೆ ಬರಲಿಲ್ಲ. ನಾಕಾದ ಫಲಕ ಮಾತ್ರ ಹೊಸದಾಗಿ ಮೇಲೇರಿತು. ನೇರಳೆ ಹೊಲದಲ್ಲಿ ಅವಳೇ, ಅದೇ ನಗು. ಬನಶಂಕರೆವ್ವ ಕಚೇರಿಗೆ ಹೋಗಿ, "ನಾ ಆ ಹೊಲದಾಗ ನಿಂತಾಕಿ ಅಲ್ಲ, ನನ್ನ ತಗೀರಿ ಅದರಾಗಿಂದ" ಎಂದಳು. ಕಿರಣಕುಮಾರ ನಕ್ಕ. "ಅಲ್ಲೆ ಹೋಗಿ ಬಂದಿಯಲ್ಲ, ಮತ್ತೇನು? ಚಂದ ಕಾಣ್ತಿ ಬಿಡು." ಮನೆಗೆ ಬಂದು ಗೋಪಣ್ಣನ ಮುಂದೆ ಮೊದಲ ಸಲ ಬಂಡೆ, ಸರಪಳಿ, ಚಿಕ್ಕಿ ಎಲ್ಲವನ್ನೂ ವಿವರಿಸಿದಳು. ಅವನು ಮಗ್ಗದ ಮೇಲಿಂದ ಕಣ್ಣೆತ್ತದೆ, ಅವಳ ದುಃಖ ಹಗುರಾಗಲೆಂದೇ, "ಹೋಗ್ಲಿ ಬಿಡು, ಅಂಥಾದ್ದೇನಿದ್ದೀತು ಅಲ್ಲೆ" ಎಂದ. ಅಂದು ಅವಳು ಉಣ್ಣಲಿಲ್ಲ.

ಈ ವರ್ಷ ಅವಳ ಜಾಗಕ್ಕೆ ಹೊರಟವಳು ಶೃತಿ. ಅದೇ ಓಣಿಯ ಸೊಸೆ. ಬನಶಂಕರೆವ್ವನ ಕೈಕೆಳಗೇ ರೊಟ್ಟಿ ಬಡಿಯುವುದನ್ನು ಕಲಿತವಳು. ಹೊರಡುವ ಮುಂಚಿನ ದಿನ ಬಂದು ಕಾಲಿಗೆ ಬಿದ್ದು, ಹೆದರಿಕೆಯನ್ನೂ ಆಸೆಯನ್ನೂ ಒಟ್ಟಿಗೆ ಮುಖದಲ್ಲಿಟ್ಟುಕೊಂಡು ಕೇಳಿದಳು: "ಅತ್ತಿ, ಅಲ್ಲೆ ನೋಡಾಕ ಏನೇನ್ ಐತಿ?"

ಏನೂ ಇಲ್ಲ ಎಂದುಬಿಟ್ಟಿದ್ದರೆ ಹುಡುಗಿ ನಿಶ್ಚಿಂತೆಯಿಂದ ಹೋಗುತ್ತಿದ್ದಳು. ಆ ಮಾತು ಬನಶಂಕರೆವ್ವನ ನಾಲಿಗೆಯವರೆಗೆ ಬಂದಿತ್ತು. ಶೃತಿಯ ಗದ್ದ ಹಿಡಿದೆತ್ತಿ ಹೇಳಿದಳು:

"ಐತಿ. ಕಣ್ಣಿಗೆ ಸಾಲದಷ್ಟ ಐತಿ. ನಿನ್ನ ಯಾರೂ ಬಾ ಅನ್ನಂಗಿಲ್ಲ. ಏನೂ ಇಲ್ಲ ಅಂತ ಹೇಳ್ತಾರ, ನಂಬಬ್ಯಾಡ."

ಶೃತಿ ಅಳುಮುಖ ಮಾಡಿಕೊಂಡು ಹೋದಳು. ಹೊರಡುವ ಹುಡುಗಿಯ ಮನಸ್ಸು ಕೆಡಿಸಿದಳೆಂದು ಓಣಿ ಇನ್ನೊಂದು ತೀರ್ಮಾನ ಬರೆದುಕೊಂಡಿತು.

ಲೋಕದ ಸೌಂದರ್ಯಯಾತ್ರೆಗಳ ಬೆನ್ನ ಹಿಂದೆ, ಹೆಸರಿಲ್ಲದ ಬಯಲುಗಳಲ್ಲಿ ಒಲೆ ಹೂಡಿಕೊಂಡು, ನೋಡಿ ಬರುವವರಿಗಾಗಿ ಕಾಯುವ ಕುಲವೊಂದಿದೆ. ಆ ಕುಲದವರ ದುಡಿಮೆಗೆ ನಾವು ಕೃತಜ್ಞರಾಗಿರುತ್ತೇವೆ, ಅವರ ಬೆವರಿಗೆ ಮರುಗುತ್ತೇವೆ ಕೂಡ. ಆದರೆ ನಮ್ಮ ಜೊತೆ ಒಂದು ತಾಸು ನಿಲ್ಲಲು ಅವರಿಗೆ ಜಾಗ ಬಿಡುವುದಕ್ಕಿಂತ, ತುಂಬಿದ ಕಣ್ಣನ್ನು ಒರೆಸಿಕೊಂಡು ಬಂದು, ಅಲ್ಲೇನೂ ಇರಲಿಲ್ಲವೆಂದು ಹೇಳುವುದು ನಮಗೆ ಸುಲಭ. ಅವರು ಬಹುಪಾಲು ನಂಬುತ್ತಾರೆ. ನಂಬಿಕೆ ಇರುವವರೆಗೆ ಅವರು ಒಳ್ಳೆಯವರು, ನಗುಮುಖದವರು, ಫಲಕಕ್ಕೆ ಹೊಂದುವವರು. ಒಬ್ಬಳು ಮೆಟ್ಟಿಲು ಹತ್ತಿ ಬಂದು ಕಣ್ಣಾರೆ ಕಂಡಳೆಂದರೆ, ಅಂದಿನಿಂದ ಅವಳ ಕೈಯ ಅನ್ನ ನಮಗೆ ರುಚಿಸುವುದಿಲ್ಲ.